ಗ್ಯಾಸ್ ಅಕ್ಕನ ತಾಮ್ರದ ಗೋಡೆ

ನನ್ನ ಓರಗಿತ್ತಿಗೆ ಅವಳ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿದೆ. ಆದರೆ ಆ ಹೆಸರು ಹೇಳಿ ನಮ್ಮ ಬೀದಿಯಲ್ಲಿ ಮನೆ ಕೇಳಿದರೆ ಯಾರೂ ತೋರಿಸುವುದಿಲ್ಲ. "ಗ್ಯಾಸ್ ಅಕ್ಕ" ಎಂದರೆ ಮಾತ್ರ ಬೀದಿ ನಾಯಿಯೂ ಬಾಲ ಆಡಿಸುತ್ತಾ ನಮ್ಮ ಬಾಗಿಲಿಗೆ ಕರೆತರುತ್ತದೆ. ಫ್ರಿಜ್‌ಗಳಿಗೆ ಗ್ಯಾಸ್ ತುಂಬುವುದು ಅವಳ ಕಸುಬು, ಅದಕ್ಕೇ ಆ ಹೆಸರು. ಹೊಸಬರು ಯಾರಾದರೂ ಬೇರೆ ಅರ್ಥ ಮಾಡಿಕೊಂಡು ಕಿಸಕ್ಕೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ಮಾತ್ರ ಏನೂ ಇಲ್ಲ. "ನಗಲಿ ಬಿಡೇ, ನಕ್ಕಿದ್ದಕ್ಕೆ ಅವರ ಫ್ರಿಜ್ಜೇನೂ ತಣ್ಣಗಾಗಲ್ವಲ್ಲ" ಎನ್ನುತ್ತಾಳೆ.

ಅವಳು ಈ ಮನೆಯ ಹಿರಿ ಸೊಸೆ, ನಾನು ಕಿರಿಯವಳು. ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಸೂರಿನ ಕೆಳಗೆ ಬಾಳುತ್ತಿದ್ದೇವೆ. ಒಂದು ಮನೆಯಲ್ಲಿ ಇಬ್ಬರು ಓರಗಿತ್ತಿಯರು ಎಂದ ಕೂಡಲೇ ಕೇಳುವವರ ಕಿವಿ ನೆಟ್ಟಗಾಗುತ್ತದೆ, ಜಗಳದ ಕತೆ ಸಿಗುತ್ತದಲ್ಲ ಎಂದು. ಜಗಳಕ್ಕೇನೂ ಬರವಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇಕೆ? ಮುಂದಿನ ಕೋಣೆಯ ಅರ್ಧ ಭಾಗದಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನರ್ಧದಲ್ಲಿ ಹೊಟ್ಟೆ ಬಗೆಸಿಕೊಂಡು ನಿಂತ ಅವಳ ಫ್ರಿಜ್‌ಗಳು. ನಡುವೆ ನಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಶಾಲೆ ಮಕ್ಕಳ ಬಿಳಿ ಅಂಗಿಯ ಬಟ್ಟೆಗೆ ಅವಳ ಕಂಪ್ರೆಸರ್ ಎಣ್ಣೆ ಬಿದ್ದ ದಿನ ನಾನು ಹಾರಾಡಿದ್ದು ಬೀದಿಯ ಕೊನೆಗೂ ಕೇಳಿಸಿತ್ತಂತೆ. ಅವಳು ಒಂದು ಮಾತೂ ಆಡದೆ ಬಟ್ಟೆ ಎತ್ತಿಕೊಂಡು ಹೋಗಿ, ಅದೇನು ಹಾಕಿ ತಿಕ್ಕಿದಳೋ, ಕಲೆಯ ಗುರುತೂ ಇಲ್ಲದೆ ತಂದುಕೊಟ್ಟಳು. ಅಂಥವಳ ಜೊತೆ ಜಗಳ ಆಡುವುದಾದರೂ ಹೇಗೆ ಹೇಳಿ.

ಕಸುಬು ಮೊದಲು ಭಾವನದು. ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಮೊದಮೊದಲು ಟೀ ಲೋಟ ತುಳುಕುತ್ತಿತ್ತು. ಬರುಬರುತ್ತಾ ಬೆಸುಗೆಯ ಬೆಂಕಿ ಹಿಡಿಯುವುದೇ ಆಗದೆ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಒಂದು ದಿನ ಔಷಧಿ ಅಂಗಡಿಯವನು ಫ್ರಿಜ್ಜನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಇಂಜೆಕ್ಷನ್‌ಗಳೆಲ್ಲ ಹಾಳಾಗುತ್ತವೆ ಎಂದು ಬಾಗಿಲಲ್ಲಿ ನಿಂತು ಗೋಗರೆದ. ಅಕ್ಕ ಒಲೆ ಆರಿಸಿ ಬಂದಳು. ಗಂಡನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದಳು.

"ನೀವು ಹೇಳಿ, ನಾನು ಮಾಡ್ತೀನಿ."

"ನಿನಗೇನು ಬರುತ್ತೆ?" ಎಂದರು ಭಾವ.

"ಬಾಯಿ ನಿಮ್ದು, ಕೈ ನಂದು. ಬೈಯೋದಿದ್ರೆ ಎಲ್ಲ ಮುಗಿದ ಮೇಲೆ ಒಟ್ಟಿಗೆ ಬೈದುಬಿಡಿ."

ಅಂದು ಅವಳು ಹಾಕಿದ ಮೊದಲ ಬೆಸುಗೆಯನ್ನು ನಾನು ಗೆರೆಯ ಈಚೆ ನಿಂತು ನೋಡಿದೆ. ತಾಮ್ರದ ಎರಡು ಕೊಳವೆಗಳ ತುದಿ ಸೇರಿಸಿ ಬೆಂಕಿ ಹಿಡಿದಳು. ಕೊಳವೆ ಕೆಂಪಗಾಯಿತು. ಬೆಸುಗೆ ಕಡ್ಡಿ ಮುಟ್ಟಿಸಿದ್ದೇ ತಡ, ಅದು ನೀರಾಗಿ ಸಂದಿಯ ಸುತ್ತ ತಾನಾಗಿಯೇ ಓಡಿ ಒಂದು ಬಳೆಯಂತೆ ಕೂತುಬಿಟ್ಟಿತು. ಅಬ್ಬಾ! ನಾನು ಕತ್ತರಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ನೋಡುತ್ತಿದ್ದೆ. ಆಮೇಲೆ ಅವಳು ಸೋಪಿನ ನೊರೆ ಹಚ್ಚಿ, ಮೊಣಕಾಲೂರಿ, ಗುಳ್ಳೆ ಏಳುತ್ತದೋ ಎಂದು ಉಸಿರು ಬಿಗಿಹಿಡಿದು ಕಾದಳು. ಗುಳ್ಳೆ ಏಳಲಿಲ್ಲ. ಭಾವ ಬೈಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲು ಹೋದರೆ ಕೈ ನಡುಗಿ ಕನ್ನಡಕ ಬಿತ್ತು. ಅಂದಿನಿಂದ ಅವಳೇ ಮೆಕ್ಯಾನಿಕ್.

ಇನ್ನು ಕಚ್ಚಾ ಎಣ್ಣೆಯಿಂದ ಪೆಟ್ರೋಲು ತೆಗೆಯುವ ರಿಫೈನರಿಯ ವಿಷಯ. ನಮ್ಮ ಬೀದಿಯ ತುದಿಯಲ್ಲಿ ನಿಂತರೆ ಅದರ ಕಾಂಪೌಂಡು, ಕಾಂಪೌಂಡಿನ ಆಚೆ ಪೈಪುಗಳ ಕಾಡು, ಅದರ ಮೇಲೆ ತುದಿಯಲ್ಲಿ ಬೆಂಕಿ ಉರಿಯುವ ಎತ್ತರದ ಚಿಮಣಿ. ಇಲ್ಲಿ ಯಾರ ಮನೆಯಲ್ಲಿ ನೋಡಿದರೂ ಒಬ್ಬರಾದರೂ ಅಲ್ಲಿ ದುಡಿಯುವವರೇ. ನಮ್ಮ ಯಜಮಾನರೂ ಅಲ್ಲೇ, ಹಿಂಬದಿಯ ಕೊಳಕು ನೀರಿನ ವಿಭಾಗದಲ್ಲಿ. ಎಣ್ಣೆ ಸೋಸಿ ಉಳಿದ ನೀರು ಮುಚ್ಚಿದ ಗುಂಡಿಗಳಿಗೆ ಬರುತ್ತದೆ, ಅಲ್ಲಿನ ಜಾಲರಿಗೆ ಸಿಕ್ಕ ಕಸ ತೆಗೆಯುವುದು, ವಾಲ್ವ್ ತಿರುಗಿಸುವುದು ಅವರ ಕೆಲಸ. ಅವರಿಗೆ ತಮ್ಮ ಮೂಗಿನ ಮೇಲೆ ಬಲು ಹೆಮ್ಮೆ. ಮನೆಯ ಮೆಟ್ಟಿಲ ಮೇಲೆ ಕೂತು ಗಾಳಿ ಎಳೆದುಕೊಂಡು, "ಇದು ಡಾಂಬರಿನ ಕಡೆಯದು, ಇದು ಕೊಳೆತ ಮೊಟ್ಟೆ, ಗಂಧಕದ ಕಡೆಯದು" ಎಂದು ಹೇಳುತ್ತಿದ್ದರು. ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಕಂಪನಿ ಕೊಟ್ಟ, ವಿಷಗಾಳಿ ಇದ್ದರೆ ಕೂಗುವ ಗ್ಯಾಸ್ ಮೀಟರು ಸದಾ ಪೀ ಪೀ ಎನ್ನುತ್ತದೆಂದು ಅದನ್ನು ಶೆಡ್ಡಿನ ಮೊಳೆಗೆ ನೇತುಹಾಕಿ, "ನನ್ನ ಮೂಗಿಗಿಂತ ಮೀಟರ್ ಬೇಕಾ?" ಎನ್ನುತ್ತಿದ್ದರು.

ಅಕ್ಕನ ಕೈಗುಣ ಊರಿಗೆಲ್ಲ ಹಬ್ಬಿದ ಮೇಲೆ ಒಂದು ತಲೆನೋವು ಶುರುವಾಯಿತು. ಅವಳು ರಿಪೇರಿ ಮಾಡಿದ ಕೆಲವು ಫ್ರಿಜ್‌ಗಳು ಮತ್ತೆ ಮತ್ತೆ ವಾಪಸು ಬರತೊಡಗಿದವು. ಗ್ಯಾಸ್ ಸೋರಿ ಖಾಲಿ. ಜನರ ಬಾಯಿಗೆ ಬೀಗ ಉಂಟೇ? ಹೆಂಗಸು ಹಾಕಿದ ಬೆಸುಗೆ ಇನ್ನೆಷ್ಟು ದಿನ ನಿಂತೀತು ಎಂದರು. ನಾನು ಆ ಮಾತು ಆಡಿದವನ ಪ್ಯಾಂಟನ್ನು ಬೇಕೆಂದೇ ಸೊಂಟದಲ್ಲಿ ಬಿಗಿ ಹೊಲಿದೆ. ಅಕ್ಕ ಮಾತ್ರ ಬೈಗುಳಕ್ಕೆ ಕಿವಿ ಕೊಡದೆ ಆ ಫ್ರಿಜ್‌ಗಳ ಹಿಂಭಾಗ ಬಿಚ್ಚಿ ಕೂತಳು. ನೊರೆ ಹಚ್ಚಿದರೆ ಗುಳ್ಳೆ ಏಳುತ್ತಿದ್ದದ್ದು ಬೆಸುಗೆಯ ಬಳಿ ಅಲ್ಲ. ಕೊಳವೆಯ ನಟ್ಟ ನಡುವೆ, ಯಾರೂ ಮುಟ್ಟದ ಕಡೆ. ಅಲ್ಲೆಲ್ಲ ತಾಮ್ರ ಕಾಡಿಗೆ ಬಳಿದಷ್ಟು ಕಪ್ಪಾಗಿ, ಸೂಜಿ ಮೊನೆಯಂಥ ತೂತುಗಳು ಬಿದ್ದಿದ್ದವು. ರಿಫೈನರಿಯಿಂದ ದೂರದ, ಪೇಟೆಯ ಆ ಬದಿಯಿಂದ ಬಂದ ಹಳೆ ಹಳೆಯ ಫ್ರಿಜ್‌ಗಳ ಕೊಳವೆ ಮಾತ್ರ ಬರೀ ಕಂದು. ತೂತಿಲ್ಲ, ಕಪ್ಪಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೇ" ಎಂದಳು. "ಕಾಯಿಲೆ ಇರೋದು ಗಾಳೀಲಿ. ಬೈಸಿಕೊಳ್ತಿರೋದು ನಾನು."

ತೋರಿಸಿಕೊಡುವುದು ಹೇಗೆ? ಅವಳು ಮಾಡಿದ ಉಪಾಯ ನೋಡಿ ಮೊದಲು ನನಗೆ ನಗು ಬಂತು. ಉಳಿದ ತಾಮ್ರದ ಕೊಳವೆ ಸೀಳಿ, ಸುತ್ತಿಗೆಯಿಂದ ತಟ್ಟಿ, ಹೆಬ್ಬೆರಳಿನಷ್ಟು ಅಗಲದ ಹಾಳೆಗಳನ್ನು ಕತ್ತರಿಸಿದಳು. ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿದಳು. ಒಂದೊಂದೂ ಹಸುಗೂಸಿನ ಕೆನ್ನೆಯ ಬಣ್ಣಕ್ಕೆ ತಿರುಗಿತು. ಬೆರಳಿನ ಜಿಡ್ಡು ತಾಗಬಾರದೆಂದು ಚಿಮಟದಲ್ಲೇ ಹಿಡಿಯುತ್ತಿದ್ದಳು. ನಾನು ಒಮ್ಮೆ ಮುಟ್ಟಲು ಹೋಗಿ ಕೈಗೆ ಪೆಟ್ಟು ತಿಂದೆ. ರಿಪೇರಿಗೆ ಹೋದ ಮನೆಯಲ್ಲೆಲ್ಲ ಹಿತ್ತಲ ಕಿಟಕಿಗೆ ಒಂದೊಂದು ತುಂಡು ಕಟ್ಟಿ, ಮಳೆ ಬೀಳದಂತೆ ಮೇಲೊಂದು ಕತ್ತರಿಸಿದ ನೀರಿನ ಬಾಟಲಿ ಕವುಚಿ ಬರುತ್ತಿದ್ದಳು. ಗಾಳಿಯ ದಿಕ್ಕು ಬದಲಾಗುವ ಹೊತ್ತಿಗೆ, ಅಂದರೆ ಪ್ರತಿ ಋತು ತಿರುಗುವಾಗ, ಹಳೆಯದನ್ನು ಬಿಚ್ಚಿ ಹೊಸದು ಕಟ್ಟುವುದು. "ಗ್ಯಾಸ್ ಅಕ್ಕ ಕಿಟಕಿಗಳಿಗೆಲ್ಲ ಓಲೆ ತೊಡಿಸ್ತಾ ಇದಾಳೆ" ಎಂದು ಬೀದಿಯಲ್ಲಿ ತಮಾಷೆ ಮಾಡಿದರು. ಆದರೆ ಬೇಡ ಎಂದವರು ಯಾರೂ ಇಲ್ಲ. ಫ್ರಿಜ್ ಕೆಟ್ಟರೆ ಅವಳೇ ಬೇಕಲ್ಲ.

ತಂದ ತುಂಡುಗಳನ್ನು ಎಲ್ಲಿಡುವುದು? ಮುಂದಿನ ಕೋಣೆಯ ಖಾಲಿ ಗೋಡೆ ಅವಳ ಕಣ್ಣಿಗೆ ಬಿತ್ತು. ನನ್ನಿಂದಲೇ ಸೀಮೆಸುಣ್ಣ ಕಸಿದುಕೊಂಡು ಗೋಡೆಯ ಮೇಲ್ಭಾಗದಲ್ಲಿ ಬೀದಿಗಳನ್ನು ಬರೆದಳು. ಈ ಕೊನೆಯಲ್ಲಿ ಚಿಮಣಿ, ಆ ಕೊನೆಯಲ್ಲಿ ರಿಫೈನರಿಯ ಹಿಂಬದಿ, ನಡುವೆ ನಮ್ಮ ಮನೆಗಳು. ಪ್ರತಿ ಮನೆಯ ಜಾಗಕ್ಕೆ ಒಂದು ಮೊಳೆ. ಮೊಳೆಯಿಂದ ಒಂದು ತುಂಡು ಇಳಿಬಿಟ್ಟಳು. ಮುಂದಿನ ಸಲದ್ದನ್ನು ಅದರ ಕೆಳಗೆ ಕೊಂಡಿ ಹಾಕಿದಳು, ಅದರ ಕೆಳಗೆ ಇನ್ನೊಂದು. ಹೀಗೆ ಮನೆಗೊಂದು ಸರ ಬೆಳೆಯುತ್ತಾ ಬಂತು. ನನ್ನ ಮಗಳು ಅಂಬೆಗಾಲಿಡುವಾಗ ಕೈಗೆಟುಕದಷ್ಟು ಮೇಲಿದ್ದ ಸರಗಳು, ಅವಳು ಶಾಲೆಯ ಚೀಲ ಹೊರುವ ಹೊತ್ತಿಗೆ ಅವಳ ಹೆಗಲಿಗೆ ತಾಗುತ್ತಿದ್ದವು. ಫ್ಯಾನ್ ಹಾಕಿದರೆ ಇಡೀ ಗೋಡೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

ನಾನು ಆ ಗೋಡೆಯ ಎದುರೇ ದಿನವಿಡೀ ಹೊಲಿಗೆ ಹಾಕುತ್ತಿದ್ದರೂ ಅದನ್ನು ಸರಿಯಾಗಿ ನೋಡಿದ್ದು ಒಂದೇ ಒಂದು ದಿನ. ಬಾಗಿಲಿಂದ ಬಿಸಿಲು ಅಡ್ಡಲಾಗಿ ಬಿದ್ದಿತ್ತು. ಗುಲಾಬಿ, ಹೊಂಬಣ್ಣ, ಕಂದು, ನವಿಲಿನ ಕುತ್ತಿಗೆಯ ನೀಲಿ, ಆಮೇಲೆ ಕಪ್ಪು. ಎಷ್ಟು ಚೆಂದವಿತ್ತು ಎಂದರೆ ಕಾಲ ಕೆಳಗಿನ ಪೆಡಲ್ ನಿಂತೇಹೋಯಿತು. ಮರುಕ್ಷಣವೇ ಇದೆಲ್ಲ ವಿಷದ ಬಣ್ಣ ಎಂದು ಹೊಳೆದು ಮೈ ಜುಮ್ಮೆಂದಿತು. ಎಲ್ಲ ಸರಗಳಲ್ಲೂ ಒಂದೇ ಎತ್ತರದಲ್ಲಿ ಒಂದು ಕಪ್ಪು ಪಟ್ಟಿ ಅಡ್ಡಡ್ಡ ಹಾದುಹೋಗಿತ್ತು. ಚಿಮಣಿಯ ಬೆಂಕಿ ಆಕಾಶದೆತ್ತರ ಉರಿದು ನಾವೆಲ್ಲ ಕಿಟಕಿ ಮುಚ್ಚಿಕೊಂಡು ಕೂತಿದ್ದ ಮಳೆಗಾಲ ಅದು. ನಾವು ಅದನ್ನು ಮರೆತಿದ್ದೆವು. ಗೋಡೆ ಮರೆತಿರಲಿಲ್ಲ.

"ಅಕ್ಕಾ, ಇದು ನಾವೆಲ್ಲ ಉಸಿರಾಡಿದ್ದಲ್ವೇನೇ?" ಎಂದೆ.

"ಮತ್ತೆ? ನಮ್ಮೊಳಗೂ ಹೀಗೇ ಒಂದು ಸರ ಇರುತ್ತೆ. ಕಾಣಲ್ಲ ಅಷ್ಟೇ."

ಅವಳು ಇದನ್ನು ಕೊಳವೆ ಉಜ್ಜುತ್ತಾ, ತಲೆ ಎತ್ತದೆ ಹೇಳಿದಳು. ಆ ಹೊತ್ತು ನನ್ನ ಓರಗಿತ್ತಿಯನ್ನು ನೋಡಿ ನನಗೆ ಭಯವಾಯಿತು. ಭಯ ಅಲ್ಲ, ಇಂಥವಳ ಜೊತೆ ಒಂದೇ ಒಲೆಯ ಮುಂದೆ ನಿಲ್ಲುತ್ತೇನಲ್ಲ ಎಂಬ ಬೆರಗು.

ಕೆಳಕೆಳಗೆ ಬಂದಂತೆ ಗೋಡೆ ಬೇರೆ ಮಾತು ಹೇಳತೊಡಗಿತು. ಚಿಮಣಿಯ ಕಡೆಯ ಸರಗಳು ತಿಳಿಯಾಗುತ್ತಾ ಬಂದವು. ಕಂಪನಿಯವರು ಅಲ್ಲಿ ಏನೋ ಹೊಸದು ಕೂರಿಸಿದ್ದರು, ಗಾಳಿ ಸುಧಾರಿಸಿದೆ ಎಂದು ಪತ್ರಿಕೆಯಲ್ಲೂ ಬಂದಿತ್ತು, ಅದು ನಿಜವೂ ಆಗಿತ್ತು. ಆದರೆ ಹಿಂಬದಿಯ ಬೀದಿಯ ಸರಗಳು ಮಾತ್ರ ಸಲದಿಂದ ಸಲಕ್ಕೆ ಕಪ್ಪೇರಿದವು. ಅಲ್ಲಿ ಕಾಂಪೌಂಡಿನ ಆಚೆ ಇರುವುದು ಕೊಳಕು ನೀರಿನ ಗುಂಡಿಗಳು. ಅಲ್ಲಿರುವುದು ನನ್ನ ಗಂಡ.

ಇದನ್ನು ಊಟಕ್ಕೆ ಕೂತಾಗ ಅಕ್ಕ ಅವರಿಗೆ ಹೇಳಿದಳು. ಅವರು ಜೋರಾಗಿ ನಕ್ಕರು.

"ಅತ್ತಿಗೆ, ನಿಮ್ಮ ತಗಡು ಏನಾದ್ರೂ ಹೇಳ್ಲಿ. ಅಲ್ಲಿ ದಿನವಿಡೀ ನಿಲ್ಲೋನು ನಾನು. ಮೊದಲು ತಲೆ ಸಿಡಿಯೋ ಹಾಗೆ ನಾರ್ತಿತ್ತು, ನಿಜ. ಈಗ ಎಷ್ಟೋ ವಾಸಿ. ವಾಸನೇನೇ ಇಲ್ಲ."

"ಹಾಗಾದ್ರೆ ನಿಮ್ಮ ಬಟ್ಟೆ ಯಾಕೆ ಹೀಗೆ ನಾರುತ್ತೆ?" ಎಂದೆ ನಾನು. "ಬಕೆಟಿಗೆ ಹಾಕಿದ್ರೆ ಬಚ್ಚಲೆಲ್ಲ ಕೊಳೆತ ಮೊಟ್ಟೆ."

"ಎಲ್ಲಿ ನಾರುತ್ತೆ? ನನಗೇನೂ ಬರಲ್ವಲ್ಲ. ಹಳೇ ವಾಸನೆ ಹಿಡ್ಕೊಂಡಿರುತ್ತೆ. ಸೋಪ್ ಬದಲಾಯಿಸು."

ಸೋಪಿನ ಮಾತು ಬಂದಿದ್ದೇ ತಡ, ನನ್ನ ಒಗೆತಕ್ಕೇ ಕೈ ಹಾಕಿದರಲ್ಲ ಎಂದು ನಾನು ಶುರುಹಚ್ಚಿಕೊಂಡೆ. ಭಾವ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಕ್ಕ ಮಾತ್ರ ಊಟ ಬಿಟ್ಟು ಯೋಚಿಸುತ್ತಾ ಕೂತಿದ್ದಳು.

ಮರುದಿನ ಸೀಮೆಸುಣ್ಣದ ಗೆರೆ ದಾಟಿ ನನ್ನ ಯಂತ್ರದ ಪಕ್ಕ ಬಂದು ನಿಂತಳು. ಚಿಮಟದಲ್ಲಿ ಒಂದು ಪುಟ್ಟ ತಾಮ್ರದ ಚೂರು ಹೊಳೆಯುತ್ತಿತ್ತು. "ಮೈದುನನ ಅಂಗಿಯ ಕಾಲರಿನ ಕೆಳಗೆ ಇದನ್ನ ಹೊಲಿದುಕೊಡೇ. ಗಾಳಿ ಆಡೋ ಹಾಗೆ, ಸೊಳ್ಳೆ ಪರದೆ ಬಟ್ಟೇಲಿ."

"ಗೊತ್ತಾದ್ರೆ ನನ್ನ ಕೊಂದೇಬಿಡ್ತಾರೆ. ಅಲ್ಲಿ ಒಂದು ಬೀಗದ ಕೈ ಒಯ್ಯೋಕೂ ಬಿಡಲ್ಲ, ಕಿಡಿ ಹಾರುತ್ತೆ ಅಂತ."

"ತಾಮ್ರ ಕಿಡಿ ಹಾರಿಸಲ್ಲ. ಗೊತ್ತಾದ್ರೆ ಅತ್ತಿಗೆಗೆ ತಲೆ ಕೆಟ್ಟಿದೆ ಅಂತ ನನ್ನ ಮೇಲೆ ಹಾಕು."

ಹೊಲಿದೆ. ಒಂದು ಹೊಲಿಗೆಯೂ ಹೊರಗೆ ಕಾಣದಂತೆ ಹೊಲಿದೆ, ಆ ವಿಷಯದಲ್ಲಿ ನಾನೂ ಕಡಿಮೆಯವಳಲ್ಲ. ಅವರು ಅದನ್ನೇ ತೊಟ್ಟು ಪಾಳಿಗೆ ಹೋಗಿ, ಮುಗಿಸಿ ಬಂದರು. ಅಂಗಿ ಬಿಚ್ಚಿ ಎಸೆದ ಕೂಡಲೇ ನಾನು ಬಚ್ಚಲಿಗೆ ಒಯ್ದು ಹೊಲಿಗೆ ಬಿಡಿಸಿದೆ. ಚೂರು ಅಂಚಿನಿಂದ ಅಂಚಿಗೆ ಕಪ್ಪು. ಹಿಂಬದಿಯ ಬೀದಿಯಲ್ಲಿ ಇಡೀ ಒಂದು ಋತು ನೇತಾಡಿದರೂ ಇಷ್ಟು ಕಪ್ಪಾಗದ ತಾಮ್ರ, ಒಂದೇ ಪಾಳಿಯಲ್ಲಿ ಹೀಗಾಗಿತ್ತು.

ಅಕ್ಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ತಲೆ ಅಲ್ಲಾಡಿಸಿದಳು.

"ಇದು ಬೆವರು ಕಣೇ. ಕತ್ತಿನ ಹತ್ತಿರ ಹೊಲಿದದ್ದು ನನ್ನ ತಪ್ಪು. ಇಷ್ಟು ಗ್ಯಾಸ್ ಇದ್ರೆ ಮನುಷ್ಯ ಮೂಗು ಮುಚ್ಕೊಂಡು ಓಡಿಬರ್ತಾನೆ. ಊರಿಗೆಲ್ಲ ವಾಸನೆ ಹೇಳೋ ಮೂಗು ಅವನದು. ವಾಸನೇನೇ ಇಲ್ಲ ಅಂತಾನಲ್ಲ."

ನನಗೂ ಅದೇ ಸರಿ ಎನ್ನಿಸಿತು. ನಿರಾಳವೂ ಆಯಿತು. ಇನ್ನೊಂದು ಚೂರನ್ನು ಹಿಂದೆ ಪ್ಲಾಸ್ಟಿಕ್ ಕೊಟ್ಟು, ಬೆವರು ತಾಗದಂತೆ ಜೇಬಿನ ಮುಚ್ಚಳದ ಕೆಳಗೆ ಹೊಲಿದೆವು. ಅದೂ ಕಪ್ಪಾಗಿ ಬಂತು. ತಾಮ್ರವೇ ಕಲಬೆರಕೆ ಇರಬೇಕು ಎಂದು ಅಕ್ಕ ಬೇರೆ ಸುರುಳಿಯಿಂದ ಕತ್ತರಿಸಿ ಕೊಟ್ಟಳು. ಅದೂ ಕಪ್ಪು. ಒಂದು ವಾರ ಹೀಗೇ ಕಳೆಯಿತು. ಅವಳು ತನ್ನ ಕೈಯನ್ನು ಅನುಮಾನಿಸಿದಳು, ಬೆವರನ್ನು, ಅಂಗಡಿಯ ತಾಮ್ರವನ್ನು ಅನುಮಾನಿಸಿದಳು. ನನ್ನ ಗಂಡನ ಮೂಗನ್ನು ಮಾತ್ರ ನಾವಿಬ್ಬರೂ ಅನುಮಾನಿಸಲಿಲ್ಲ.

ಅಷ್ಟರಲ್ಲಿ ಮಾಲಿನ್ಯ ನಿಯಂತ್ರಣ ಕಚೇರಿಯ ಮೇಡಂ ಒಬ್ಬರು ಜೀಪಿನಲ್ಲಿ ಬಂದರು. ಬಂದದ್ದು ಗೋಡೆ ನೋಡಲು ಅಲ್ಲ. ನೀರು, ಗಾಳಿಯ ಮಾದರಿಗಳನ್ನು ಇಡುವ ಅವರ ಕಚೇರಿಯ ಸಣ್ಣ ಫ್ರಿಜ್ ಕೆಟ್ಟಿತ್ತು, ಯಾರೋ ಗ್ಯಾಸ್ ಅಕ್ಕನ ಹೆಸರು ಹೇಳಿದ್ದರು. ಅಕ್ಕ ಫ್ರಿಜ್ ಬಿಚ್ಚಿದಳು. ನಾನು ಟೀ ತರಲು ಹೋದೆ. ತಂದು ನೋಡಿದರೆ ಮೇಡಂ ಕುರ್ಚಿಯಲ್ಲಿಲ್ಲ. ಗೋಡೆಯ ಮುಂದೆ, ಕೈ ಹಿಂದೆ ಕಟ್ಟಿಕೊಂಡು, ಮೇಲಿನಿಂದ ಕೆಳಗೆ ಒಂದೊಂದೇ ಸರ ಓದುವವರಂತೆ ನೋಡುತ್ತಿದ್ದರು. ಟೀ ಆರಿಹೋಯಿತು.

"ಇದು ಆ ದೊಡ್ಡ ಬೆಂಕಿ ಉರಿದ ಮಳೆಗಾಲ ಅಲ್ವಾ?" ಎಂದು ಕಪ್ಪು ಪಟ್ಟಿ ತೋರಿಸಿದರು. "ನಾನಾಗ ಕೆಲಸಕ್ಕೆ ಹೊಸಬಳು. ಗಾಳಿ ಅಳೆಯೋ ನಮ್ಮ ಮೆಷಿನ್ ಪೆಟ್ಟಿಗೆ ಇರೋದು ಇಲ್ಲಿ, ಚಿಮಣಿ ಹತ್ತಿರ. ಕಮ್ಮಿ ಆಗ್ತಾ ಬಂದಿದೆ ಅಂತ ಅದೂ ಹೇಳುತ್ತೆ, ನಿಮ್ಮ ಸರಾನೂ ಹೇಳ್ತಿದೆ. ಆದ್ರೆ ಈ ಹಿಂಬದೀಲಿ ನಮ್ಮದು ಏನೂ ಇಲ್ಲ." ಅವರ ಧ್ವನಿ ಸಣ್ಣಗಾಗಿತ್ತು. "ಇಷ್ಟು ವರ್ಷದ ಗಾಳೀನ ಹೀಗೆ ಎದುರಿಗೆ ನಿಂತು ನೋಡ್ತೀನಿ ಅಂದ್ಕೊಂಡಿರಲಿಲ್ಲ ನಾನು."

ಅಕ್ಕನ ಕಿವಿ ಕೆಂಪಗಾಯಿತು. ಮೇಡಂ ಒಂದು ಹೊಳೆಯುವ ತುಂಡನ್ನು ಬೆರಳು ತಾಗಿಸದೆ ತೋರಿಸಿ ಹೇಳಿದರು: "ಒಂದು ಮಾತು ನೆನಪಿರಲಿ. ತಾಮ್ರಕ್ಕೆ ಗೊತ್ತಾಗೋದು ಮೊಟ್ಟೆ ವಾಸನೆಯ ಗಂಧಕದ ಗ್ಯಾಸ್ ಅಷ್ಟೇ. ಬೆಂಜೀನ್ ಅಂತ ಇನ್ನೊಂದಿದೆ, ರಕ್ತಕ್ಕೇ ವಿಷ. ಅದು ಇದರ ಪಕ್ಕದಲ್ಲೇ ಹಾದುಹೋದ್ರೂ ಇದು ಹೀಗೇ ಹೊಳೀತಾ ಇರುತ್ತೆ."

ಅಕ್ಕ ಆ ಹೊಳೆಯುವ ತುಂಡುಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಏನೋ ನಿರ್ಧಾರ ಮಾಡಿ, ಟೀ ಪುಡಿಯ ಡಬ್ಬಿಯಿಂದ ಆ ಮೂರು ಕಪ್ಪು ಚೂರುಗಳನ್ನು ತೆಗೆದು ತಂದಳು.

"ಮೇಡಂ, ಬೆವರಿಗೆ ತಾಮ್ರ ಹೀಗಾಗುತ್ತಾ?"

ಮೇಡಂ ಕಿಟಕಿಯ ಬಳಿ ಒಯ್ದು ನೋಡಿದರು. "ಬೆವರಾದ್ರೆ ಅಲ್ಲಲ್ಲಿ ಕಲೆ ಕಲೆ, ಹಸಿರು ಛಾಯೆ ಇರುತ್ತೆ. ಇದು ಒಂದೇ ಸಮ ಇದೆ. ಎಲ್ಲಿತ್ತು ಇದು?"

"ಇವಳ ಗಂಡನ ಅಂಗೀಲಿ. ಕೊಳಕು ನೀರಿನ ಗುಂಡಿ ಹತ್ತಿರ ಕೆಲಸ. ಒಂದೊಂದೂ ಒಂದೇ ಪಾಳಿ."

"ವಾಸನೆ ಹೇಗಿದೆ ಅಂತಾರೆ ಅವರು?"

ಇದಕ್ಕೆ ನಾನೇ ಮುಂದೆ ಬಂದು ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. "ವಾಸನೇನೇ ಇಲ್ವಂತೆ ಮೇಡಂ. ಮೊದಲು ತುಂಬಾ ಇತ್ತು, ಈಗ ಪೂರ್ತಿ ಹೋಗಿದೆ ಅಂತಾರೆ."

ಮೇಡಂ ಚೂರುಗಳನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅಮ್ಮಾ, ಈ ಗ್ಯಾಸ್ ಕಮ್ಮಿ ಇದ್ದಾಗ ನಾರುತ್ತೆ. ಜಾಸ್ತಿ ಆದ್ರೆ ಮೊದಲು ಮೂಗನ್ನೇ ಸಾಯಿಸುತ್ತೆ. ಆಮೇಲೆ ವಾಸನೆ ಇಲ್ಲ ಅಂತ ಮನುಷ್ಯ ಧೈರ್ಯವಾಗಿ ಮುಂದೆ ಹೋಗ್ತಾನೆ. ಇನ್ನೂ ಜಾಸ್ತಿ ಇರೋ ಕಡೆ ಹೋದ್ರೆ ಒಂದೇ ಉಸಿರು. ಈಗೆಲ್ಲಿದಾರೆ ಅವರು?"

"ಪಾಳೀಲಿ" ಎಂದದ್ದು ಅಕ್ಕ.

ಜೀಪಿನಲ್ಲಿ ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ. ಒಳಗೆ ಯಾರೂ ಫೋನ್ ಇಟ್ಟುಕೊಳ್ಳುವಂತಿಲ್ಲ, ಕರೆ ಮಾಡಲು ದಾರಿಯಿಲ್ಲ, ಗೇಟಿಗೇ ಹೋಗಬೇಕು. ಗೇಟಿನ ಕಾವಲುಗಾರನ ಸಮವಸ್ತ್ರವನ್ನೂ ನಾನೇ ಹೊಲಿಯುವುದು. ಅವನು ನನ್ನ ಮುಖ ಕಂಡವನೇ ಎದ್ದು ನಿಂತ. ಮೇಡಂ ತಮ್ಮ ಗುರುತಿನ ಚೀಟಿ ತೋರಿಸಿ, ಅವನ ಮೇಜಿನ ಫೋನ್ ಎತ್ತಿ ಒಳಗಿನ ಕಂಟ್ರೋಲ್ ರೂಮಿಗೆ ಮಾತಾಡಿದರು. ಗುಂಡಿಯ ಹತ್ತಿರ ಇರುವವರನ್ನೆಲ್ಲ ಮೊದಲು ಹೊರಗೆ ಕರೆಯಿರಿ, ಆಮೇಲೆ ಉಸಿರಾಟದ ಮಾಸ್ಕ್ ಹಾಕಿಕೊಂಡವರು ಮೀಟರ್ ಹಿಡಿದು ಹೋಗಿ ನೋಡಲಿ ಎಂದರು. ಆ ಕಡೆಯವರು ಏನೋ ವಾದ ಮಾಡುತ್ತಿದ್ದರು. ಮೇಡಂ ಅವರ ಧ್ವನಿ ಆಗ ಗುಡುಗಿನಂತಾಯಿತು. "ವಾಸನೆ ಇಲ್ಲ ಅಂತಾನೇ ನಾನು ಹೇಳ್ತಿರೋದು, ಮೊದಲು ಕರೀರಿ!"

ನಾವು ಕಾದೆವು. ಅಕ್ಕ ನನ್ನ ಪಕ್ಕ ನಿಂತಿದ್ದಳು. ಯಾವತ್ತೂ ಆ ತುಂಡುಗಳಿಗೆ ಬೆರಳು ತಾಗಿಸದವಳು ಕಪ್ಪು ಚೂರುಗಳಲ್ಲಿ ಒಂದನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದಳು.

"ಒಂದು ವಾರ ಕಣೇ" ಎಂದಳು. "ಒಂದು ವಾರ ಅದು ಬಾಯಿಬಿಟ್ಟು ಹೇಳ್ತಿತ್ತು. ನಾನು ಬೆವರು ಅಂದೆ."

ನಾನು ಅವಳ ಭುಜಕ್ಕೆ ಒರಗಿ ನಿಂತೆ.

ಫೋನ್ ಹೊಡೆದುಕೊಂಡಿತು. ಕಾವಲುಗಾರ ಕೇಳಿಸಿಕೊಂಡು ನಮ್ಮ ಕಡೆ ತಿರುಗಿದ. ಮೀಟರ್ ಹಿಡಿದು ಹೋದವರು ಗುಂಡಿಯ ಮುಚ್ಚಳ ಮುಟ್ಟುವ ಮೊದಲೇ ಮೀಟರು ಕಿರುಚಿಕೊಂಡಿತಂತೆ, ಆ ವಿಭಾಗವನ್ನೇ ಖಾಲಿ ಮಾಡಿಸುತ್ತಿದ್ದಾರಂತೆ. "ನಮ್ಮವರು?" ಎಂದು ನಾನು ಕೂಗಿದೆ. ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ದೂರದಲ್ಲಿ, ಪೈಪುಗಳ ನಡುವಿನ ದಾರಿಯಲ್ಲಿ ಒಬ್ಬ ಮನುಷ್ಯ ಕಾಣಿಸಿದ. ಕೈ ಬೀಸುತ್ತಾ, ಸಿಡುಕುತ್ತಾ ನಡೆದು ಬರುವ ಆ ನಡಿಗೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಗೇಟಿನ ಕಂಬಿ ಹಿಡಿದುಕೊಂಡೆ.

"ಏನಿದು ಗಲಾಟೆ?" ಎಂದು ಅಷ್ಟು ದೂರದಿಂದಲೇ ಶುರುಮಾಡಿದರು. "ಜಾಲರಿ ಕಟ್ಕೊಂಡಿತ್ತು, ಇಳಿದು ತೆಗೆಯೋಣ ಅಂತ ಏಣಿಗೆ ಕಾಲಿಟ್ಟಿದ್ದೆ. ಒಂದು ಕಾಲು ಏಣಿ ಮೇಲಿದೆ, ಅಷ್ಟರಲ್ಲಿ ಓಡಿಬಾ ಓಡಿಬಾ ಅಂತ ಮೈಕಲ್ಲಿ ಕೂಗ್ತಾರೆ. ಏನೇ, ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?"

ಅವರು ಗೇಟು ದಾಟಿ ಬಂದರು. ಬರುತ್ತಿದ್ದಂತೆ ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ತೆಗೆದ. ಮೇಡಂ ತೋಳಿನಿಂದ ಮುಖ ಮುಚ್ಚಿಕೊಂಡರು. ಅಕ್ಕ ಅಂಗೈ ಅಡ್ಡ ಹಿಡಿದಳು. ನನಗೆ ಗೊತ್ತಿಲ್ಲದೆಯೇ ನನ್ನ ಕೈಯೂ ಮೂಗಿಗೆ ಹೋಯಿತು. ಒಂದು ಗಾಡಿ ಕೊಳೆತ ಮೊಟ್ಟೆ ತಂದು ಮುಂದೆ ಸುರಿದಂತಿತ್ತು.

ಅವರು ನಿಂತರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಸಿಡುಕು ಇಳಿದು, ಮುಖದಲ್ಲಿ ಮಗುವಿನಂಥ ಗೊಂದಲ ಬಂತು. ಗಾಳಿಯನ್ನು ಒಮ್ಮೆ ಜೋರಾಗಿ ಎಳೆದುಕೊಂಡರು.

"ಯಾಕೆ," ಎಂದರು, "ಯಾಕೆ ಎಲ್ಲರೂ ಮೂಗು ಮುಚ್ಕೊಂಡಿದೀರ?"

ನಾನು ಮೂಗಿನಿಂದ ಕೈ ತೆಗೆದು, ಹೋಗಿ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ.